ತಲೆ ತೂಗುತ್ತಿದ್ದ ತ್ರೀಡಿ ಸರ್

ಕಂಪ್ಯೂಟರಿನಲ್ಲಿ ತ್ರೀಡಿ ಮಾಡೆಲ್ ಮಾಡುವುದನ್ನು ಕಲಿಸುತ್ತಿದ್ದ ನಮ್ಮ ತ್ರೀಡಿ ಸರ್‌ಗೆ ಎಡಗಣ್ಣು ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದಿತ್ತಂತೆ. ಒಂದೇ ಕಣ್ಣಿಗೆ ದೂರ ಅಂದಾಜಾಗಲೆಂದು ಟೀ ಲೋಟ ಎತ್ತಿಕೊಳ್ಳುವಾಗಲೂ, ಅದೇ ಅಭ್ಯಾಸದಲ್ಲಿ ಕಂಪ್ಯೂಟರಿನಲ್ಲಿ ನಾವು ಮಾಡಿದ್ದನ್ನು ನೋಡುವಾಗಲೂ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿದ್ದರು. ಹಣ್ಣುಳ, ಅಂದರೆ ಗೂಡು ಕಟ್ಟಲು ಹಣ್ಣಾದ ರೇಷ್ಮೆಹುಳು, ಹೀಗೇ ತಲೆ ಆಡಿಸುತ್ತದೆ. ಶಿಡ್ಲಘಟ್ಟದ ಸುತ್ತಲಿನ ರೇಷ್ಮೆ ಮನೆಗಳ ಮಕ್ಕಳಾದ ನಾವು ಬೆನ್ನ ಹಿಂದೆ ಅವರನ್ನು ಹಣ್ಣುಳ ಸರ್ ಎನ್ನುತ್ತಿದ್ದೆವು.

ದಿನಾ ಗೌರಿಬಿದನೂರಿನಿಂದ ಶಿಡ್ಲಘಟ್ಟದ ಕಂಪ್ಯೂಟರ್ ಸೆಂಟರಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಸೆಂಟರಿನಲ್ಲಿದ್ದ ಒಂದೇ ಫ್ಯಾನನ್ನು ಕಂಪ್ಯೂಟರುಗಳ ಕಡೆಗೆ ತಿರುಗಿಸಿ, ತಾವು ಬೆವರುತ್ತಾ ಪಾಠ ಮಾಡುತ್ತಿದ್ದರು. ನಾವು ಮಾಡೆಲ್ ತೋರಿಸಿದರೆ ಅವರದು ಒಂದೇ ಮಾತು: “ಮುಂದ್ಗಡೆ ಎಲ್ಲಾ ಚೆನ್ನಾಗೇ ಇರುತ್ತೆ, ತಿರುಗ್ಸಮ್ಮ.”

ಪ್ರಾಜೆಕ್ಟಿಗೆ ನಾನು ಚಂದ್ರಿಕೆಯನ್ನು ಆರಿಸಿಕೊಂಡೆ. ಹುಳುಗಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿಯಾಗಿ ಹೆಣೆದ ಚಾಪೆ ಅದು. ಪಾಸಾದರೆ ಮುಂದಿನ ಕೋರ್ಸು, ಇಲ್ಲದಿದ್ದರೆ ಗಂಡು ನೋಡುವುದು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಜೀವ ಕೈಯಲ್ಲಿ ಹಿಡಿದು ಸುರುಳಿ ಮಾಡಿದೆ, ಗೂಡು ಕೂರಿಸಿದೆ, ಮನೆಯ ಗೂಡಿನ ಫೋಟೋ ತೆಗೆದು ಅದನ್ನೇ ಟೆಕ್ಸ್ಚರ್ ಆಗಿ ಮೇಲ್ಮೈಗೆ ಹೊದಿಸಿದೆ. ಸರ್ ಬಹಳ ಹೊತ್ತು ತಲೆ ತೂಗಿದರು.

“ಒಂದು ಗೂಡಾದ್ರೂ ಕೆಟ್ಟಿರಲ್ವೇನಮ್ಮ?”

“ಕೆಟ್ಟಿದ್ದನ್ನ ಯಾರು ತೋರಿಸ್ತಾರೆ ಸರ್?”

ಹೇಳಿದ ಮೇಲೆ ನನಗೇ ಹೊಳೆಯಿತು. ಮಾರ್ಕೆಟ್ಟಿಗೆ ಹೋಗುವ ಮುಂಚೆ ಕಲೆಯಾದದ್ದು, ತೆಳುವಾದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಎಲ್ಲವನ್ನೂ ಆರಿಸಿ ತೆಗೆಯುವುದು ಮನೆಯಲ್ಲಿ ನನ್ನ ಕೆಲಸ. ಕಂಪ್ಯೂಟರಿನಲ್ಲೂ ನಾನು ಅದನ್ನೇ ಮಾಡಿದ್ದೆ.

ಆ ಭಾನುವಾರ ನಿಜವಾದ ಗೂಡುಗಳನ್ನು ನೋಡಬೇಕೆಂದು ಸರ್ ಮೇಲೂರಿನ ನಮ್ಮ ಮನೆಗೇ ಬಂದರು. ಗೂಡು ತುಂಬಿದ ಚಂದ್ರಿಕೆಯ ಮುಂದೆ ನಿಂತು ತಲೆ ತೂಗತೊಡಗಿದರು. ಹೊರಗಿನವರೊಬ್ಬರು ಹಾಗೆ ಒಂಟಿಕಣ್ಣಿನಲ್ಲಿ ದಿಟ್ಟಿಸುವುದನ್ನು ಕಂಡು, ಗೂಡಿಗೆ ಕಣ್ಣು ಬಿತ್ತೆಂದು ಅಜ್ಜಿ ಒಳಗೆ ಓಡಿದಳು. ಉಪ್ಪು ಮೆಣಸಿನಕಾಯಿ ತಂದು ಅವರ ಎದುರಿಗೇ ಚಂದ್ರಿಕೆಗೆ ದೃಷ್ಟಿ ತೆಗೆದಳು. ನಾಚಿಕೆಯಿಂದ ನಾನು ಕುಗ್ಗಿಹೋದೆ. ಸರ್ ಮಾತ್ರ ಒಂದು ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತರು. ಅಜ್ಜಿಗೆ ಏನನ್ನಿಸಿತೋ, ಅದೇ ಮುಷ್ಟಿಯನ್ನು ಅವರಿಗೂ ನಿವಾಳಿಸಿದಳು.

“ನಿಂಗೂ ಯಾರ ಕಣ್ಣು ಬಿದ್ದಿತ್ತೋ ನಾಯ್ನಾ,” ಎಂದಳು, ಮನೆಮಗನನ್ನು ಕರೆಯುವಂತೆ.

ಸರ್ ಕಣ್ಣು ಒರೆಸಿಕೊಂಡರು. ಮೆಣಸಿನಕಾಯಿ ಘಾಟು ಎಂದರು. ಆಗಿನ್ನೂ ಅಜ್ಜಿ ಅದನ್ನು ಒಲೆಗೆ ಹಾಕಿರಲಿಲ್ಲ.

ಆಮೇಲೆ ನಾನು ಕಲೆಯ ಗೂಡುಗಳನ್ನೂ ಜೋಡಿಗೂಡುಗಳನ್ನೂ ಮಾಡಿ, ಒಂದೊಂದನ್ನೂ ಒಂದೊಂದು ಕಡೆಗೆ ತಿರುಗಿಸಿ ಕೂರಿಸಿದೆ. ಪರೀಕ್ಷೆ ಮಾಡಲು ಬಂದವರು ಒಂದು ಕಲೆಯನ್ನು ಪರದೆಯ ಮೇಲಿನ ಕೊಳೆ ಎಂದುಕೊಂಡು ಬೆರಳಿನಿಂದ ಉಜ್ಜಿದರು. ಸರ್ ಮೂಲೆಯಲ್ಲಿ ಮೀಸೆಯಡಿ ನಗುತ್ತಿದ್ದರು. ನಾನು ಪಾಸಾದೆ. ಅಪ್ಪ ಗಂಡಿನ ಮಾತು ಎತ್ತಲಿಲ್ಲ.

ಸರ್ ತೀರಿಕೊಂಡಾಗ ಗೌರಿಬಿದನೂರಿಗೆ ಹೋಗಿದ್ದೆ. ಯಾವೂರಮ್ಮ ಎಂದು ಅವರ ಹೆಂಡತಿ ಕೇಳಿದರು. ಮೇಲೂರು ಎಂದೆ. ಅತ್ತು ಬಾತ ಮುಖದಲ್ಲೇ ಸಣ್ಣಗೆ ನಕ್ಕರು.

“ಹಣ್ಣುಳ ಸರ್ ಅಂತಿದ್ದೋರು ನೀವೇ ಅಲ್ವೇನಮ್ಮ? ಮನೆಗೆ ಬಂದು ಹೇಳ್ಕೊಂಡು ನಗೋರು. ‘ಒಳ್ಳೇ ಹೆಸರೇ ಇಟ್ಟವ್ರೆ ಕಣೇ, ತಲೆ ಆಡಿಸ್ದೆ ಹೋದ್ರೆ ಹುಳ ಗೂಡು ಹೆಂಗ್ ಕಟ್ಟುತ್ತೆ’ ಅನ್ನೋರು.”

ಬಾಗಿಲ ಬಳಿಯೇ ಕುಳಿತು ಅತ್ತುಬಿಟ್ಟೆ.

ಈಗ ಚಿಂತಾಮಣಿಯಲ್ಲಿ ಆ ಪಾಠವನ್ನು ನಾನು ಮಾಡುತ್ತೇನೆ. ನನಗೆ ಎರಡು ಕಣ್ಣೂ ಚೆನ್ನಾಗಿವೆ. ಆದರೂ ಮಕ್ಕಳ ಮಾಡೆಲ್ ನೋಡುವಾಗ ತಲೆ ತಾನಾಗಿಯೇ ತೂಗುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಕೇಳಿಸದವಳಂತೆ ಇದ್ದುಬಿಡುತ್ತೇನೆ, ಸರ್ ಇದ್ದ ಹಾಗೆ.