ಕೊಡೇಕಲ್ ದಾರಿಯಲ್ಲಿ ಒಂದು ತಂಪು ಬಾಟಲಿ

ಕಳೆದ ಸೂಟಿಗೆ ನೀವು ಯಾದಗಿರಿಯಿಂದ ಬಂದಾಗ ನಿಮ್ಮಲ್ಲಿ ಸಣ್ಣವಳು ಎಲ್ಲರೆದುರು ಒಂದು ಮಾತು ಹೇಳಿದಳು. “ಅಜ್ಜಿ ಯಾರ ಬಗ್ಗೆನೂ ಕೆಟ್ಟ ಮಾತಾಡಂಗಿಲ್ಲ.” ನಿಮ್ಮ ಅಪ್ಪ ಹೌದೆಂದು ತಲೆಯಾಡಿಸಿದ. ನಾನು ರೊಟ್ಟಿ ಬಡಿಯುತ್ತಿದ್ದೆ, ತಿರುಗಿ ನೋಡಲಿಲ್ಲ.

ನಾನು ಮಾತಾಡುವುದಿಲ್ಲ ಎನ್ನುವುದು ನಿಜ. ಗೋಗಿಯ ಕಡೆಯ ಹಳ್ಳಿಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ನಾನು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನೆಲ ನೋಡುತ್ತಿದ್ದೆ. ಶಹಾಪುರಕ್ಕೆ ಸೊಸೆಯಾಗಿ ಬಂದ ಮೇಲೂ ಹಾಗೇ. ಆದರೆ ಬಾಯಿ ಮುಚ್ಚಿಕೊಂಡವರ ಕಣ್ಣು ಏನು ಮಾಡುತ್ತಿರುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ಸೋಮವಾರ ಸೋಮವಾರ ಮಠದ ಪ್ರವಚನಕ್ಕೆ ಹೋಗತೊಡಗಿದೆ. ಅಲ್ಲಿ ನಾನು ಕೇಳಿದ್ದಕ್ಕಿಂತ ನೋಡಿದ್ದು ಹೆಚ್ಚು. ಯಾರು ಧ್ಯಾನಕ್ಕೆ ಕಣ್ಣು ಮುಚ್ಚಿ ಪ್ರಸಾದದ ಬುಟ್ಟಿಯ ಸಪ್ಪಳಕ್ಕೆ ತೆರೆಯುತ್ತಾರೆ, ಯಾರ ಹಣೆಯ ವಿಭೂತಿ ಅಗಲ, ಯಾರ ಮನಸ್ಸು ಕಿರಿದು, ಎಲ್ಲ ನೋಡಿ, ಮನೆಗೆ ಬಂದು ಪಾತ್ರೆ ತಿಕ್ಕುತ್ತ ಅದನ್ನೇ ಮೆಲುಕು ಹಾಕುತ್ತಿದ್ದೆ. ಒಬ್ಬರಿಗೂ ಹೇಳುತ್ತಿರಲಿಲ್ಲ. ಅದಕ್ಕೇ ಒಳ್ಳೆಯವಳು ಎಂಬ ಹೆಸರು ಬಂತು.

ನಮ್ಮ ಓಣಿಯ ಹೆಣ್ಣುಮಕ್ಕಳು ಪ್ರತಿವರ್ಷ ಶಿವರಾತ್ರಿಗೆ ಮುಂಚೆ ಕೊಡೇಕಲ್ಲಿನ ಗದ್ದುಗೆಗೆ ಬರಿಗಾಲಿನಲ್ಲಿ ನಡೆದು ಹೋಗುತ್ತಾರೆ. ಸುರಪುರದಲ್ಲಿ ಒಂದು ವಸತಿ, ಹುಣಸಗಿಯಲ್ಲಿ ಒಂದು. ಕಿರಾಣಿ ಅಂಗಡಿಯ ಸಾಹುಕಾರನ ಹೆಂಡತಿ ಗುಂಪಿಗೆ ಹಿರಿಯಳು, ಎಲ್ಲರಿಗೂ ಆಕೆ ದೊಡ್ಡಕ್ಕ. ನಾನೂ ಅವರ ಜೊತೆ ನಡೆದ ವರ್ಷ ಬಳೆ ಅಂಗಡಿಯವಳೂ ಬಂದಿದ್ದಳು. ಅವಳ ಗಂಡನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಅತ್ತೆ ಹರಕೆ ಹೊತ್ತಿದ್ದಳು, ಕಾಲು ಮಾತ್ರ ಸೊಸೆಯವು. “ನೀ ಪೂರಾ ನಡದ ಬಾ, ನನ್ನ ಮಗನ ಕೈ ಏಳ್ತದ. ನಡುವ ಗಾಡಿ ಹತ್ತಿದ್ರ ಆ ಪಾಪ ನಿನ್ನ ತಲಿಮ್ಯಾಲ,” ಎಂದು ಹೊರಡುವಾಗ ಎಲ್ಲರ ಮುಂದೆ ಹೇಳಿ ಕಳಿಸಿದಳು. ಅವನ ಕೈ ಏಳದಿದ್ದರೆ ಇನ್ನು ಯಾರನ್ನು ಹಿಡಿಯಬೇಕೆಂದು ಆ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

ಹೊರಡುವ ಮುಂಜಾನೆ ಮಠದ ಸ್ವಾಮಿಗಳು ನಮಗೊಂದು ನೇಮ ಹಾಕಿದರು. “ಬರಿಗಾಲ ಅಷ್ಟ ಸಾಲದ್ರೆವ್ವಾ. ದಾರಿಯೊಳಗ ಇನ್ನೊಬ್ಬರ ಸುದ್ದಿ ತಗೀಬ್ಯಾಡ್ರಿ. ಅದೂ ನಡಿಗೀನ ಅಂತ ತಿಳ್ಕೋರಿ.” ಎಲ್ಲರೂ ಹ್ಞೂಂ ಎಂದರು. ನನಗೆ ಒಳಗೊಳಗೆ ನಗು ಬಂತು. ಇವರು ಶಹಾಪುರದ ಗುಡ್ಡ ದಾಟುವುದರೊಳಗೆ ಮುರಿಯುತ್ತಾರೆ, ನನಗೆ ಇದು ಬಾಧಿಸುವುದಿಲ್ಲ ಎಂದುಕೊಂಡೆ.

ಅವರು ಮುರಿಯಲಿಲ್ಲ, ಬಗ್ಗಿಸಿದರು. ಯಾರ ಹೆಸರನ್ನೂ ಎತ್ತದೆ “ಒಬ್ಬಾಕಿ” ಎಂದು ಶುರುಮಾಡಿದರು.

“ಒಬ್ಬಾಕಿ ಅದಾಳ, ಮನ್ಯಾಗ ಸೊಸೀಗಿ ಚಾ ಕೊಡಂಗಿಲ್ಲ, ಗುಡ್ಯಾಗ ದಾಸೋಹ ಮಾಡ್ತಾಳ.”

“ನನಗ ಅಂದಿ ಏನ?”

“ನಿನಗ ಯಾಕ ಅಂತೀನಿ? ಒಬ್ಬಾಕಿಗೆ ಅಂದೆ.”

ನಾನು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದೆ, ಮೊಣಕಾಲು ನೋವು. ಹಿಂದೆ ನಡೆಯುವವಳಿಗೆ ಎಲ್ಲರ ಬೆನ್ನೂ ಕಾಣುತ್ತದೆ. ದೊಡ್ಡಕ್ಕನ ಚೀಲದ ಬಾಯಿಯಿಂದ ಚಪ್ಪಲಿಯ ಪಟ್ಟಿ ಇಣುಕುತ್ತಿತ್ತು. ಬರಿಗಾಲಿನ ಯಾತ್ರೆಗೆ ಚಪ್ಪಲಿ ಯಾಕೆ? ಅದನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಬಳೆಯವಳು ಮಾತ್ರ ನನ್ನ ಜೊತೆ ನಿಧಾನವಾಗಿ ಬರುತ್ತಿದ್ದಳು. ನನಗಾಗಿ ಬರುತ್ತಿದ್ದಾಳೋ, ತನ್ನ ಕಾಲೇ ಸೋತಿವೆಯೋ, ಅದರ ಮೇಲೂ ನನಗೆ ಅನುಮಾನ.

ಸುರಪುರದಲ್ಲಿ ವಸತಿಗೆ ಕೂತಾಗ ಅವಳ ಮೊಬೈಲು ಹೊಡೆದುಕೊಂಡಿತು. ಅತ್ತೆಯ ವಿಡಿಯೋ ಕಾಲ್. “ಮಾರಿ ಬ್ಯಾಡ, ಕಾಲ ತೋರಸು,” ಎಂಬ ದನಿ ಇಡೀ ಪಡಸಾಲೆಗೆ ಕೇಳಿತು. ಅವಳು ಮೊಬೈಲನ್ನು ಕೆಳಗೆ ಹಿಡಿದು ಅಂಗಾಲು ತೋರಿಸಿದಳು. “ಅಷ್ಟೇನ ಮಣ್ಣ?” ಎಂದಿತು ಆ ಕಡೆಯ ದನಿ. ನಮ್ಮವರು ಸೆರಗು ಬಾಯಿಗೆ ಹಚ್ಚಿ ನಕ್ಕರು. ನಾನು ನಗಲಿಲ್ಲ, ಆದರೆ ಅವಳ ಅಂಗಾಲನ್ನು ನಾನೂ ನೋಡಿದೆ.

ಮರುದಿನ ಹುಣಸಗಿ ದಾರಿ. ಬಿಸಿಲು ನೆತ್ತಿಗೆ ಬಂದಿತ್ತು, ಉಳಿದವರು ಬಹಳ ಮುಂದೆ ಹೋಗಿದ್ದರು. ಬಳೆಯವಳು, “ನೀವು ನಡೀತಿರ್ರಿ ಯಕ್ಕಾರ, ನಾ ಹೊಲದ ಕಡೀ ಹೋಗಿ ಬರ್ತೀನಿ,” ಎಂದು ಹಿಂದೆ ಉಳಿದಳು. ನಾನು ಕಾಲೆಳೆಯುತ್ತ ಹೊರಟೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಆಟೋ ಬಂದು ಧೂಳೆಬ್ಬಿಸಿ ದಾಟಿ ಹೋಯಿತು. ಅದರ ಹಿಂಭಾಗದಲ್ಲಿ ಜೋಡಿ ನವಿಲಿನ ಚಿತ್ರ. ದೂರದಲ್ಲಿ ಕಾಲುವೆಯ ಸೇತುವೆ. ಆಟೋ ಅಲ್ಲಿ ನಿಂತಂತೆ ಕಂಡಿತು. ಅದರ ಪಕ್ಕದಲ್ಲಿ ಏನೋ ಹಸಿರು. ಆಮೇಲೆ ಧೂಳು.

ನಾನು ಸೇತುವೆ ಮುಟ್ಟಿದಾಗ ಬಳೆಯವಳು ಕಟ್ಟೆಯ ಮೇಲೆ ಕೂತಿದ್ದಳು, ಮುಂಜಾನೆ ಉಟ್ಟ ಗಿಳಿಹಸಿರು ಸೀರೆಯಲ್ಲಿ. ನನ್ನನ್ನು ಯಾರೂ ನಡೆದು ದಾಟಿ ಹೋಗಿರಲಿಲ್ಲ. ಅವಳ ಕೈಯಲ್ಲಿ ನೀರಿನ ಬಾಟಲಿ, ಅದರ ಮೈ ಬೆವೆತು ಹನಿಗಟ್ಟಿತ್ತು. ಆ ಬಿಸಿಲಿನಲ್ಲಿ ಅಷ್ಟು ತಂಪು ನೀರು.

“ಬರ್ರಿ ಯಕ್ಕಾರ, ಮೊದಲ ನೀವು ಕುಡೀರಿ. ಮಾರಿ ನೋಡ್ರಿ, ಹ್ಯಾಂಗ ಕೆಂಪಗಾಗ್ಯದ.”

ಕುಡಿದೆ. ಗಂಟಲಿನಿಂದ ಎದೆಗೆ ಇಳಿದ ಆ ನೀರಿನ ಸುಖ ಇನ್ನೂ ನೆನಪಿದೆ. ಕುಡಿಯುತ್ತಲೇ ಅವಳ ಹಿಮ್ಮಡಿ ನೋಡುತ್ತಿದ್ದೆ. ನೀನು ಮುಂದೆ ಹೇಗೆ ಬಂದೆ ಎಂದು ಕೇಳಬಹುದಿತ್ತು. ಸಂಕೋಚದವಳು, ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಉತ್ತರ ಕೊಡಲು ಒಂದು ಅವಕಾಶವಾದರೂ ಇರುತ್ತಿತ್ತು. ನನ್ನೊಳಗಿನ ವಿಚಾರಣೆಯಲ್ಲಿ ಅವಳಿಗೆ ಬಾಯಿಯೇ ಇರಲಿಲ್ಲ.

ಮುಂದಿನ ಬೇವಿನ ಗಿಡದ ಕೆಳಗೆ ಉಳಿದವರು ಕಾಯುತ್ತಿದ್ದರು. ದೊಡ್ಡಕ್ಕನ ಕಣ್ಣು ನೇರ ಬಾಟಲಿಗೆ ಹೋಯಿತು.

“ತಂಪ ನೀರ ಎಲ್ಲಿಂದ ಬಂತ?”

“ಯಾರೋ ಕೊಟ್ರು ರೀ,” ಎಂದಳು ಬಳೆಯವಳು.

“ಯಾರೋ ಅಂದ್ರ?”

ಅಲ್ಲಿಂದ ಮುಂದೆ ಕೊಡೇಕಲ್ಲಿನವರೆಗೆ ಒಬ್ಬಾಕಿಯ ಸುದ್ದಿಯೇ. ಒಬ್ಬಾಕಿಗೆ ದೇವರೇ ಗಾಡಿ ಕಳಿಸುತ್ತಾನಂತೆ. ಒಬ್ಬಾಕಿಯ ಕಾಲಿಗೆ ರೆಕ್ಕೆ ಬಂದಿವೆಯಂತೆ. ಬಳೆಯವಳು ತಲೆ ತಗ್ಗಿಸಿ ನಡೆದಳು. ನಾನು ದಾರಿಯುದ್ದಕ್ಕೂ ಲೆಕ್ಕ ಕೂಡಿಸಿದೆ, ಕಳೆದೆ. ಕಾಲುವೆಯ ಏರಿ ಹಿಡಿದರೆ ಒಂದು ಒಳದಾರಿ ಇರಬಹುದು. ಹೊಲದ ಮನೆಯವರು ಯಾರಾದರೂ ಫ್ರಿಜ್ಜಿನ ನೀರು ಕೊಟ್ಟಿರಬಹುದು. ಇರಬಹುದು. ಆದರೆ ಆ ನವಿಲು?

ಕೊಡೇಕಲ್ಲಿನಲ್ಲಿ ನಮ್ಮ ಗುಂಪಿನದೊಂದು ಪದ್ಧತಿ ಇದೆ. ಗದ್ದುಗೆಯ ದರ್ಶನಕ್ಕೆ ಮುಂಚೆ ಅಗಲವಾದ ಹಿತ್ತಾಳೆ ಪರಾತದಲ್ಲಿ ಕಾಲಿಟ್ಟವಳ ಪಾದವನ್ನು ಅವಳ ಹಿಂದಿನವಳು ತೊಳೆಯಬೇಕು. ಪೂರಾ ನಡೆದ ಕಾಲನ್ನು ಮಾತ್ರ ತೊಳೆಯುವುದು. ನಡೆಯದವಳು ಹೊರಗೆ ನಿಂತು ಕೈಮುಗಿದು ಬರಬೇಕು, ಹರಕೆ ಸಲ್ಲಲಿಲ್ಲ ಎಂದೇ ಅರ್ಥ. ದೊಡ್ಡಕ್ಕನಿಂದ ಶುರುವಾಗಿ ಸಾಲು ಮುಂದೆ ಬಂತು. ಬಳೆಯವಳ ಸರದಿ ಬಂದಾಗ ದೊಡ್ಡಕ್ಕ ತಂಬಿಗೆ ಹಿಡಿದುಕೊಂಡೇ ನಿಂತಳು.

ಬಳೆಯವಳ ಹಿಂದಿನವಳು ನಾನು.

“ತಂಗೆವ್ವಾ, ಕೊನೀಗೆ ನೀನ ಇದ್ದಿ. ನೀ ಸುಳ್ಳ ಹೇಳಾಕಿ ಅಲ್ಲ, ಮಂದಿ ಮಾತ ಆಡಾಕೀನೂ ಅಲ್ಲ. ನೀ ಹೇಳು. ಈಕಿ ಪೂರಾ ನಡದಾಳೋ ಇಲ್ಲೋ?”

ಎಲ್ಲರೂ ನನ್ನ ಕಡೆ ತಿರುಗಿದರು. ಜನ್ಮದಲ್ಲಿ ಯಾರೂ ನನ್ನ ಮಾತಿಗೆ ಹಾಗೆ ಕಾದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಅದು ಹಿತವೆನಿಸಿತು. ನಾನು ಬಾಯಿ ತೆರೆಯುವುದೂ ಬೇಡ, ಕತ್ತು ಒಂದಿಷ್ಟು ಅಲ್ಲಾಡಿಸಿದರೆ ಸಾಕು. ಆ ಸುದ್ದಿ ನಮಗಿಂತ ಮೊದಲೇ ಶಹಾಪುರ ಮುಟ್ಟಿ ಅವಳ ಅತ್ತೆಯ ಕೈಗೆ ಸಿಗುತ್ತಿತ್ತು. ಬಳೆಯವಳು ನನ್ನ ಮುಖ ನೋಡಲಿಲ್ಲ. ಪರಾತದಲ್ಲಿ ಅವಳ ಕಾಲ್ಬೆರಳು ಮಡಚಿಕೊಂಡಿದ್ದವು.

“ನಾ ಪೂರಾ ನೋಡಿಲ್ರಿ,” ಎಂದೆ. “ಅರ್ಧ ನೋಡಿದ್ದು ನಾ ಹೇಳಂಗಿಲ್ಲ.”

“ಅರ್ಧ ಅಂದ್ರ? ಅರ್ಧ ಏನ್ ನೋಡೀದಿ?”

ಹೇಳಬಾರದ ಮಾತು ಅಷ್ಟರಲ್ಲೇ ಜಾರಿಹೋಗಿತ್ತು. ಕಿವಿಗಳೆಲ್ಲ ನೆಟ್ಟಗಾದವು. “ಧೂಳ ನೋಡೀನ್ರಿ. ಅಷ್ಟ. ತಂಬಿಗಿ ಕೊಡ್ರಿ, ನನ್ನ ಪಾಳಿ,” ಎಂದು ಅವಳ ಕಾಲ ಬಳಿ ಕೂತೆ.

ನೀರು ಹಾಕಿ ತೊಳೆಯುವಾಗ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಅವಳ ಹಿಮ್ಮಡಿಯ ಕಡೆ ಹರಿಯಿತು. ಗುಳ್ಳೆ ಎದ್ದಿದೆಯೋ ಇಲ್ಲವೋ ಹುಡುಕುತ್ತಿತ್ತು. ಸಿಕ್ಕಿದ್ದರೆ ಅವಳು ಸಾಚಾ, ಸಿಗದಿದ್ದರೆ ಕಳ್ಳಿ. ಗದ್ದುಗೆಯ ಬಾಗಿಲಲ್ಲಿ ಕೂತು ನಾನು ಪಾದ ತೊಳೆಯುತ್ತಿರಲಿಲ್ಲ, ತನಿಖೆ ಮಾಡುತ್ತಿದ್ದೆ. ಅದು ಗೊತ್ತಾದ ಕೂಡಲೇ ಕೈ ಹಿಂದೆ ತೆಗೆದೆ. ಬರೀ ಮೇಲಿನಿಂದ ನೀರು ಸುರಿದು ಸೆರಗಿನಿಂದ ಒರೆಸಿದೆ. ಪರಾತದ ನೀರು ಕೆಂಪಾಗಿತ್ತು, ಆದರೆ ಅದರಲ್ಲಿ ಆಗಲೇ ಎಲ್ಲರ ಕಾಲಿನ ಮಣ್ಣೂ ಇತ್ತು. ಅವಳು ಒಳಗೆ ಹೋದಳು. ದೊಡ್ಡಕ್ಕ ನನ್ನೊಡನೆ ಊರು ಮುಟ್ಟುವವರೆಗೂ ಮಾತಾಡಲಿಲ್ಲ. ಬರುವಾಗ ಎಲ್ಲರೂ ಬಸ್ಸಿನಲ್ಲಿ ಬಂದೆವು. ದೊಡ್ಡಕ್ಕನ ಕಾಲಲ್ಲಿ ಆ ಚಪ್ಪಲಿ ಇದ್ದವು. ವಾಪಸ್ ಬರುವಾಗ ಹಾಕಿಕೊಳ್ಳಲು ತಂದಿದ್ದಳು, ಅಷ್ಟೇ. ಅಥವಾ ನಾನು ಈಗ ಹಾಗೆ ನಂಬಲು ನೋಡುತ್ತಿದ್ದೇನೆ.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ನೀವು ನನ್ನ ಮನಸ್ಸನ್ನು ಬಲ್ಲವರಲ್ಲ. ಕೆಲವು ತಿಂಗಳ ಮೇಲೆ ಗೋಗಿಗೆ ಹೋಗಲು ಶಹಾಪುರದ ಬಸ್ ನಿಲ್ದಾಣದ ಬಳಿ ನಿಂತಿದ್ದೆ. ಎದುರಿಗೆ ಒಂದು ಆಟೋ ತಿರುಗಿ ನಿಂತಿತು. ಹಿಂಭಾಗದಲ್ಲಿ ಜೋಡಿ ನವಿಲು. ಬೇರೆ ಆಟೋ ಖಾಲಿ ಇದ್ದರೂ ಅದನ್ನೇ ಹತ್ತಿ ಮುಂದಿನ ಸೀಟಿಗೆ ಹತ್ತಿರ ಕೂತೆ. ಸುರಪುರದ ಆಚೆ ಕಾಲುವೆ ಬಳಿ ಹಸಿರು ಸೀರೆಯವಳನ್ನು ಇಳಿಸಿದೆಯಾ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಊರು ದಾಟಿತು, ತೊಗರಿ ಹೊಲ ದಾಟಿದವು. ಕೊನೆಗೆ ಕೇಳಿದೆ:

“ನವಿಲ ಭಾಳ ಛಂದ ಅದಾವ. ಯಾರ ಬರದಾರಪ್ಪ?”

ಚಾಲಕ ನಕ್ಕ. “ನಮ್ಮ ಸಾಲಾ ರೀ ಅಮ್ಮಾ, ಹೆಂಡ್ತಿ ತಮ್ಮ. ಅವನಿಗಿ ನವಿಲ ಬಿಟ್ರ ಬ್ಯಾರೆ ಬರಂಗಿಲ್ಲ. ಈ ಕಡೀ ಎಷ್ಟ ಗಾಡಿಗಿ ಬರದಾನೋ, ಅಲ್ಲಾಗೇ ಗೊತ್ತು. ಸಬ್ ಜೋಡಿ ನವಿಲ.”

ಒಂದು ಕ್ಷಣ ಹಗುರವಾಯಿತು. ಆಮೇಲೆ ನಾಚಿಕೆಯಾಯಿತು. ನವಿಲಿನ ಮೇಲೆ ನನಗೆ ಎಂಥ ಪ್ರೀತಿ? ಕೇಳುವುದಿಲ್ಲ ಎಂದುಕೊಂಡು ನಾನು ಸುತ್ತಿ ಬಳಸಿ ಕೇಳಿಯೇ ಬಿಟ್ಟಿದ್ದೆ. ಅವರ “ಒಬ್ಬಾಕಿ”ಗೂ ನನ್ನ ನವಿಲಿಗೂ ಏನು ವ್ಯತ್ಯಾಸ? ಅವಳು ಸಾಚಾ ಎಂದು ಸಾಬೀತಾದ ಮೇಲೆ ಅನುಮಾನ ಬಿಡುವೆನೆಂದು ಕೂತರೆ, ಆ ತೀರ್ಪಿನ ಕುರ್ಚಿಯಿಂದ ನಾನು ಎಂದೂ ಇಳಿಯುವುದಿಲ್ಲ. ಗೋಗಿಯಲ್ಲಿ ಇಳಿಯುವಾಗ ಅವನ ಮುಖ ಕೂಡ ಸರಿಯಾಗಿ ನೋಡಲಿಲ್ಲ.

ಮರಳಿ ಬಂದವಳು ಬಳೆ ಅಂಗಡಿಗೆ ಹೋದೆ. ನಿಮ್ಮ ಅಜ್ಜ ತೀರಿದ ಮೇಲೆ ಆ ಮೆಟ್ಟಿಲು ಹತ್ತಿರಲಿಲ್ಲ, ನನಗೆ ಅಲ್ಲಿ ಏನು ಕೆಲಸ? ಸಣ್ಣವಳಿಗೆ ಬಳೆ ಬೇಕು ಎಂಬ ನೆವ ಮಾಡಿಕೊಂಡೆ. ಗಲ್ಲಾಪೆಟ್ಟಿಗೆಯ ಬಳಿ ಗಂಡ ಕೂತಿದ್ದ, ಬಲಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು. ಪಕ್ಕದಲ್ಲಿ ಅತ್ತೆ. ಬಳೆಯವಳು ನನ್ನನ್ನು ನೋಡಿ ಕೈಯಲ್ಲಿದ್ದ ಬಳೆಯ ಡಬ್ಬಿ ಕೆಳಗಿಟ್ಟಳು.

ಅತ್ತೆ ಕಾದವಳಂತೆ ಶುರುಮಾಡಿದಳು. “ಬರ್ರಿ, ಕುಂದರ್ರಿ. ನೀವೂ ಕೊಡೇಕಲ್ಲಿಗಿ ಹೋಗಿದ್ರಲ್ಲ? ಮಂದಿ ಏನೇನೋ ಅಂತಾರ. ನನ್ನ ಮಗನ ಕೈ ನೋಡ್ರಿ, ಅಲ್ಲೇ ಅದ. ನಿಮ್ಮ ಮಾತಂದ್ರ ಖರೇ ಮಾತು. ಹೇಳ್ರಿ, ಈಕಿ ಪೂರಾ ನಡದಾಳೇನ್ರಿ?”

ಅದೇ ಪ್ರಶ್ನೆ. ಈ ಸಲ ನೆಲ ನೋಡಲಿಲ್ಲ.

“ಮಂದಿ ಕಾಲ ಕಾಯಾಕ ನಾ ಹೋಗಿರಲಿಲ್ರಿ. ನನ್ನ ಮಣಕಾಲ ನೊಂದಾಗ ಎಲ್ಲಾರೂ ಮುಂದ ಹೋದ್ರು, ನಿಮ್ಮ ಸೊಸಿ ನನ್ನ ಸಂಗಾಟ ನಿಧಾನ ನಡದಳು. ನೆತ್ತಿ ಸುಡೋ ಬಿಸಲಾಗ ತಂಪ ನೀರ ಕೊಟ್ಟಳು. ತಾ ಕುಡದಿರಲಿಲ್ಲ, ಮೊದಲ ನನಗ ಕೊಟ್ಟಳು. ನಾ ಪೂರಾ ನೋಡಿದ್ದು ಇದು. ಇದಕ್ಕ ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ.”

ಅಷ್ಟು ಉದ್ದದ ಮಾತನ್ನು ನಾನು ಹಿಂದೆ ಆಡಿದ ನೆನಪಿಲ್ಲ. ಅತ್ತೆ ನನ್ನನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿದಳು. ನಂಬಿದಳೋ ಇಲ್ಲವೋ ಹೇಳಲಾರೆ. “ಮಂದೀಗಿ ತಂಪ ನೀರ ಕೊಡ್ತಾಳ,” ಎಂದಳು. “ನಾ ಕೇಳಿದ್ರ, ಕೊಡಾ ಅಲ್ಲೇ ಅದ ತಗೋರಿ ಅಂತಾಳ.”

ಗಂಡ ಅರ್ಧ ಬಾಯಲ್ಲಿ ನಕ್ಕುಬಿಟ್ಟ. ನಗು ಕಂಡು ಅತ್ತೆಯ ಮುಖವೂ ಸಡಿಲವಾಯಿತು. ಆ ಪ್ರಶ್ನೆ ಅವತ್ತಿಗೆ ಅಲ್ಲೇ ಬಿತ್ತು.

ಬಳೆಯವಳು ಹಸಿರು ಗಾಜಿನ ಬಳೆಗಳನ್ನು ಕಾಗದದಲ್ಲಿ ಸುತ್ತಿ ಕೊಡುವಾಗ ಮೆಲ್ಲಗೆ, “ಯಕ್ಕಾರ, ಆವತ್ತ ಕಾಲುವಿ ಕಡೀ...” ಎಂದಳು.

“ಸಣ್ಣವಳ ಕೈ ಇದಕ್ಕಿಂತ ಸಣ್ಣದದವ್ವ,” ಎಂದೆ. “ಒಂದು ಅಳತಿ ಕಡಿಮಿ ಕೊಡು.”

ಅವಳು ನನ್ನನ್ನೇ ನೋಡಿ, ಕಟ್ಟು ಬಿಚ್ಚಿ, ಬೇರೆ ಅಳತೆಯವನ್ನು ಹುಡುಕತೊಡಗಿದಳು. ಅವೇ ಬಳೆಗಳನ್ನು, ಸಣ್ಣವಳೇ, ನೀನು ಆ ದಿನ ಹಾಕಿಕೊಂಡು ಕೂತಿದ್ದೆ, ಅಜ್ಜಿ ಯಾರ ಬಗ್ಗೆಯೂ ಕೆಟ್ಟ ಮಾತಾಡುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತ.