ಅಮ್ಮಣ್ಣಿಯನ್ನು ಎಬ್ಬಿಸಿದ ಗಿಟಾರಿನವನು

ನಮ್ಮ ಅಮ್ಮಣ್ಣಿ ಬಾಯಿಬಿಟ್ಟು ಮಾತಾಡಿದಳು! ಯಾರಿಗೆ ಹೇಳಲಿ ಯಾರಿಗೆ ಬಿಡಲಿ ಅನ್ನೋ ಹಾಗಾಗಿದೆ ನನಗೆ. ಅವಳ ಅಪ್ಪ, ಅಂದರೆ ನನ್ನ ಮಗ, ತೀರಿಕೊಂಡ ಮೇಲೆ ಈ ಮೊಮ್ಮಗಳು ಯಾರ ಹತ್ತಿರವೂ ಮಾತಾಡಿರಲಿಲ್ಲ, ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ.

ನರಸೀಪುರದಲ್ಲಿ ಅವಳನ್ನು ಡಾಕ್ಟರಿಗೆ ತೋರಿಸಿಕೊಂಡು ಬಿಳಿಗೆರೆ ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಎದುರಿನ ಅಂಗಡಿ ಜಗಲಿಯಲ್ಲಿ ಉದ್ದ ಕೂದಲಿನವನೊಬ್ಬ ಕರೆಂಟು ಗಿಟಾರು ಬಾರಿಸಿಕೊಂಡು ಹಾಡುತ್ತಾ, ತಾನೇ ಮಾಡಿದ ಕ್ಯಾಸೆಟ್ ಮಾರುತ್ತಿದ್ದ. ಹಳೇ ಕಾಲದ ರಾಕ್ ಸಂಗೀತವಂತೆ, ಯಾವ ಕಂಪನಿಯವರೂ ತಗೊಳ್ಳಲಿಲ್ಲವಂತೆ. ಎದೆ ಅದುರೋ ಸದ್ದು. ಅದರ ನಡುವೆ "ಅಮ್ಮಣ್ಣೀ, ಏಳು" ಅಂತ ಕೂಗಿ ಹಾಡಿದ. ಮಗು ದಡಕ್ಕನೆ ಎದ್ದು ಹೋಗಿ ಅವನ ಮುಂದೆ ನಿಂತಿತು. ನನ್ನ ಮಗ ದಿನಾ ಬೆಳಿಗ್ಗೆ ಅವಳನ್ನು ಎಬ್ಬಿಸುತ್ತಿದ್ದದ್ದೇ ಹಾಗೆ.

"ನಮ್ ಕೂಸಿನ್ ಎಸ್ರು ನಿಂಗೆಂಗಪ್ಪಾ ಗೊತ್ತು?" ಅಂದೆ.

"ಗೊತ್ತಿಲ್ಲ ಕಣವ್ವ. ನಮ್ ಬೈಬಲ್ಲಲ್ಲಿ ಯೇಸುಸ್ವಾಮಿ ಸತ್ತೋದ ಎಣ್ಮಗೂನ 'ಅಮ್ಮಣ್ಣೀ, ಏಳು' ಅಂತ್ಲೇ ಕರ್ದು ಎಬ್ಬುಸ್ತಾನೆ, ಅದ್ನೇ ಪದ ಕಟ್ಟಿವ್ನಿ."

"ನಮ್ಮಪ್ಪನ್ನೂ ಎಬ್ಬುಸ್ತೀಯಾ ಮಾಮ?" ಅಂತು ಮಗು.

ಅವನು ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. "ಇಲ್ಲ ಕಣವ್ವ, ನಂಗೆ ಪದ ಆಡೋಕಷ್ಟೇ ಬರೋದು" ಅಂದ. ಆಗ ಮಗು ಅಳೋಕೆ ಶುರುಮಾಡಿದ್ದು, ಬಸ್ಸು ಊರು ಮುಟ್ಟೋವರೆಗೂ ಅತ್ತಿತು.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮುದ್ದೆ ಉಂಡೆವು. ಸೊಸೆ ಅಳುತ್ತಲೇ ಉಂಡಳು, ಮಗುವೂ ಅಳುತ್ತಲೇ ಉಂಡಿತು. ಯಾರೂ ಯಾರಿಗೂ ಸುಮ್ಮನಿರು ಅನ್ನಲಿಲ್ಲ.