ಪೋಡಿಯಾಗದ ಸಂಖ್ಯೆ

ಹುಂಚದಲ್ಲಿ ನಮ್ಮ ಪಕ್ಕದ ಮನೆಯ ಮಾಸ್ತಪ್ಪನವರು ಭೂಮಾಪಕರಾಗಿ ಮೂವತ್ತು ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಅಣ್ಣತಮ್ಮಂದಿರನ್ನು ಬೇರೆ ಮಾಡಿದವರು. ಒಂದು ಸರ್ವೆ ನಂಬರನ್ನು ಒಡೆದು ಪಾಲಿಗೊಂದು ನಂಬರು ಕೊಡುವುದಕ್ಕೆ ಪೋಡಿ ಅನ್ನುತ್ತಾರೆ. ಯಾರು ಬಂದು ಕೇಳಿದರೂ ಇವರದು ಒಂದೇ ಮಾತು: "ಅರ್ಜಿ ಕೊಡಿ, ನೋಡಾಣ."

2019ರ ಮೇ ತಿಂಗಳಲ್ಲಿ ನಿವೃತ್ತರಾಗಿ ಮನೆಗೆ ಬಂದರೆ, ಲಗೇಜ್ ಆಟೋ ಓಡಿಸುವ ತಮ್ಮ ನಿಂಗಪ್ಪ, "ಅಣ್ಣ, ನಮ್ಮದೂ ಒಂದು ಪೋಡಿ ಮಾಡ್ಬಿಡು, ಒಲೆ ಬೇರೆ ಆಗ್ಲಿ" ಅಂದ. ಊರವರ ಒಲೆಗಳನ್ನೆಲ್ಲ ಬೇರೆ ಮಾಡಿದ್ದ ಮನುಷ್ಯ ಹೌಹಾರಿಬಿಟ್ಟರು. ಮನೆಯಲ್ಲಿ ಏಳು ಜನ. ತಲೆಗೊಂದರಂತೆ ಏಳು ಒಂದುಗಳನ್ನು ಸಾಲಾಗಿ ಬರೆದರು: 1111111.

"ಇದು ಅವಿಭಾಜ್ಯ ಸಂಖ್ಯೆ ಕಣೋ. ಒಂದನ್ನೂ ಇದನ್ನೂ ಬಿಟ್ಟು ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ. ಇದಕ್ಕೆ ಪೋಡಿ ಮಾಡಿ ತೋರ್ಸು, ಮನೆಗೂ ಮಾಡ್ತೀನಿ. ಮೊಬೈಲು ಮುಟ್ಟಂಗಿಲ್ಲ, ಕೈಲೆಕ್ಕವೇ ಆಗ್ಬೇಕು."

ನಿಂಗಪ್ಪ ಎರಡು, ಮೂರು, ಐದು, ಏಳರಿಂದ ಭಾಗಿಸಿ ನೋಡಿ, ಹದಿಮೂರಕ್ಕೆ ಬೇಸತ್ತು ಆಟೋ ಹತ್ತಿದ. ಮಾಸ್ತಪ್ಪನವರು ಮಾತ್ರ 233ರವರೆಗೆ, ಅಂದರೆ ಐವತ್ತೊಂದು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದ್ದರು. ನಿಯಮದಂತೆ ವರ್ಗಮೂಲದವರೆಗೆ, ಅಂದರೆ 1051ರವರೆಗೆ ನೋಡಬೇಕು. ಆದರೆ ಮುಳ್ಳುಕಂಟಿ ಅಡ್ಡ ಬಂದರೆ ಅಳತೆಯ ಸರಪಳಿ ಎಳೆಯದೆ ಅಂದಾಜಿನಲ್ಲಿ ಬರೆಯುವುದು ಅವರ ಹಳೇ ಚಾಳಿ.

ಹೀಗೇ ಆರು ವರ್ಷ ಕಳೆಯಿತು. ವರ್ಷಕ್ಕೊಮ್ಮೆ ನಿಂಗಪ್ಪ ಕೇಳುತ್ತಿದ್ದ, ಅಣ್ಣ ಸಂಖ್ಯೆ ತೋರಿಸುತ್ತಿದ್ದರು. ಮೊನ್ನೆ ನಾನು ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗಲೇ ಅವನು ಕೈಚೆಲ್ಲಿದ. "ಆಯ್ತಣ್ಣ, ನಿನ್ನ ಸಂಖ್ಯೆ ಗೆದ್ದಿತು. ನಾನಿನ್ನು ಕೇಳಲ್ಲ" ಅಂದು ಆಟೋ ಹತ್ತಿ ಹೋದ.

ಮಾಸ್ತಪ್ಪನವರು ಉಬ್ಬಿಹೋದರು. ಹೆಂಡತಿ ಗುತ್ಯಮ್ಮನನ್ನು ಕರೆದು, "ನೋಡಿದ್ಯಾ? ಈ ಮನೆ ಒಟ್ಟಿಗೆ ನಿಂತಿರೋದು ನನ್ನ ಲೆಕ್ಕದಿಂದ" ಅಂದರು.

ಏಳು ಜನಕ್ಕೆ ಎರಡು ಹೊತ್ತೂ ಬೇಯಿಸುವ ಗುತ್ಯಮ್ಮ ಒಳಗೆ ಹೋಗಿ, ಅಕ್ಕಿ ಡಬ್ಬದ ಅಡಿಯಿಂದ ಮಡಚಿದ ಕಾಗದವೊಂದನ್ನು ತಂದು ಕೊಟ್ಟಳು. ಹರಿದ ಕ್ಯಾಲೆಂಡರ್ ಹಾಳೆ. ಬೆನ್ನಿಗೆ ಪೆನ್ಸಿಲಿನಲ್ಲಿ ಭಾಗಾಕಾರ, ಕೊನೆಯಲ್ಲಿ 239 × 4649. ಗಂಡ ನಿಲ್ಲಿಸಿದ್ದ 233ರ ಮುಂದಿನ ಅವಿಭಾಜ್ಯವೇ 239. ಅನ್ನ ಬೇಯುವಷ್ಟರಲ್ಲಿ ಮುಗಿದ ಲೆಕ್ಕವಂತೆ.

ಮಾಸ್ತಪ್ಪನವರು ಗುಣಿಸಿ ನೋಡಿದರು. ಏಳು ಒಂದುಗಳೂ ಸಾಲಾಗಿ ಬಂದು ನಿಂತವು. ಹಾಳೆ ತಿರುಗಿಸಿದರೆ 2019, ಜೂನ್. ಅವರ ಮುಖ ಸಣ್ಣಗಾಯಿತು. ನನಗೆ ಪಾಪ ಅನ್ನಿಸಿತು, ಆದರೆ ನಗುವೂ ಬಂತು.

"ಆರು ವರ್ಷದಿಂದ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಲೆ ಎರಡಾಗ್ತಿತ್ತು. ಬೆನ್ನು ನೋವು ಬಂದಾಗ ನಂಗೂ ಹಾಗೇ ಆಗ್ಲಿ ಅನ್ಸಿದ್ದುಂಟು. ಆಗೆಲ್ಲ ಇದನ್ನ ತೆಗೆದು ನೋಡಿ, ಮತ್ತೆ ಅಕ್ಕಿ ಡಬ್ಬದ ಕೆಳಗೆ ಇಡ್ತಿದ್ದೆ."

ಮಾಸ್ತಪ್ಪನವರು ಹಾಳೆಯನ್ನು ಅದೇ ಮಡಿಕೆಯಲ್ಲಿ ಮಡಚಿ, ತಾವೇ ಎದ್ದು ಹೋಗಿ ಅಕ್ಕಿ ಡಬ್ಬದ ಅಡಿಗೆ ಇಟ್ಟು ಬಂದರು.

ಕೇಳಲ್ಲ ಅಂದಿದ್ದ ನಿಂಗಪ್ಪ ನಿನ್ನೆ ಮತ್ತೆ ಕೇಳಿದ. ಅಣ್ಣ ಈ ಸಲ ಸಂಖ್ಯೆ ತೋರಿಸಲಿಲ್ಲ. "ಅತ್ತಿಗೆಗೆ ಅರ್ಜಿ ಕೊಡು" ಅಂದರು.